ಡ್ಯೂಟಿ ಬಿಡದ ಲಾರಿ ಹೊಡಿಯೂದು: ಏಜೆನ್ಸಿ, ಬದ್ಲಿ, ಸುಗ್ಗಿ, ಛೋಟಾ ಹಾಥಿ, ಯಾವುದು ನಿಮಗ ಹೊಂದ್ತೈತಿ?

ಹುಬ್ಬಳ್ಳಿ ಗೋಕುಲ ರೋಡ್ ಕಡೆ ಒಂದು ಸಣ್ಣ ವರ್ಕ್‌ಶಾಪ್‌ನ್ಯಾಗ ಲೇಥ್ ಮಶೀನ್ ಮ್ಯಾಲ ಕೆಲ್ಸ ನಂದು. ವಾರಕ್ಕ ಆರು ದಿನ ಡ್ಯೂಟಿ, ರವಿವಾರ ಸೂಟಿ, ಮುಂಜಾನೆ ಎಂಟೂವರಿಗೆ ಹಾಜರಿ. ಹೆವಿ ಲೈಸೆನ್ಸ್ ಎಲ್ಲಿಂದ ಬಂತು ಅಂದ್ರ ನಮ್ಮ ಸೋದರಮಾವಂದು ಒಂದು ಹತ್ತು ಚಕ್ರದ ಗಾಡಿ ಇತ್ತು, ಪಿಯುಸಿ ಫೇಲ್ ಆದಮ್ಯಾಲ ಅದರ ಮ್ಯಾಲ ಕ್ಲೀನರ್ ಅಂತ ಹೋಗಿ ಎರಡ್ಮೂರು ವರ್ಷದಾಗ ಸ್ಟೇರಿಂಗ್ ಹಿಡಿಯೂದು ಕಲ್ತೆ, ಆಮ್ಯಾಲ ಮಾವ ಗಾಡಿ ಮಾರಿದ, ಲೈಸೆನ್ಸ್ ಉಳೀತು. ಮನಿ ಸಾಲ ತಗೊಂಡಮ್ಯಾಲ ಪಗಾರ ತಿಂಗ್ಳ ಕೊನಿಗೆ ಮುಟ್ಟವಲ್ದಾತು, ಶನಿವಾರ ರವಿವಾರ ಗಾಡಿ ಹೊಡ್ಯಾಕ ಚಾಲೂ ಮಾಡಿದೆ. ನಾಲ್ಕು ವರ್ಷದಾಗ ಏಜೆನ್ಸಿ ಕಡೆಯಿಂದ ಹೋಗಿ ನೋಡೇನಿ, ಬದ್ಲಿ ಡ್ರೈವರ್ (ಖಾಯಂ ಡ್ರೈವರ್ ಇಲ್ಲದಾಗ ಹೋಗಾವ) ಆಗಿ ನೋಡೇನಿ, ಮೆಣಸಿನಕಾಯಿ ಸುಗ್ಗಿಯೊಳಗ ಹೊಡ್ದೇನಿ, ಒಂದಷ್ಟು ದಿನ ಛೋಟಾ ಹಾಥಿ ಅನ್ನೋ ಸಣ್ಣ ಸಾಮಾನಿನ ಗಾಡಿನೂ ಹೊಡ್ದೇನಿ. ಈಗ ವರ್ಕ್‌ಶಾಪ್ ಹುಡುಗ್ರು "ಅಣ್ಣಾ, ನನಗೂ ಒಂದು ಲೈನ್ ಹಚ್ಚಿಕೊಡ" ಅಂತ ಗಂಟು ಬಿದ್ದಾರ. ಒಬ್ಬೊಬ್ಬರಿಗೆ ಕುಂತು ಹೇಳೂಕಿಂತ ಒಮ್ಮೆ ಬರ್ದು ಒಗದ್ರ ಆತು ಅಂತ ಬರ್ಯಾಕತ್ತೇನಿ.

ಎಲ್ಲಾರೂ ಬಾಯಿ ತಗದ ಕೂಡ್ಲೆ ಕೇಳೂದು "ಟ್ರಿಪ್‌ಗೆ ಎಷ್ಟ್ ಕೊಡ್ತಾರ?" ಅಂತ. ಗಾಡಿನ ಹೊಟ್ಟಿಪಾಡು ಮಾಡ್ಕೊಂಡವ್ರು ಕೇಳ್ಲಿ ಬಿಡ್ರಿ. ನಮ್ಮಂಥಾ ಅರ್ಧ ಡ್ರೈವರ್‌ಗಳು ಕೇಳಬೇಕಾದ್ದು "ಎಷ್ಟೊತ್ತಿಗೆ ಬಿಡ್ತಾರ?" ಗಾಡಿ ಕೀಲಿ ವಾಪಸ್ ಕೊಟ್ಟ ಹೊತ್ತಿಗೂ ನಿಮ್ಮ ಖರೇ ಡ್ಯೂಟಿ ಹಾಜರಿ ಬೀಳೋ ಹೊತ್ತಿಗೂ ನಡುವ ಎಷ್ಟು ತಾಸು ನಿದ್ದಿ ಸಿಗ್ತೈತಿ? ನಾ ಎಲ್ಲಾ ಲೈನ್ ಅಳಿಯೂದು ಇದೊಂದ ಮ್ಯಾಲ, ರೊಕ್ಕ ಆಮ್ಯಾಲ. ಯಾಕಂತ ಮುಂದ ಹೇಳ್ತೇನಿ.

ಮೊದಲ ಲೈಸೆನ್ಸ್ ತಗದು ನೋಡ್ರಿ

ನಿಮ್ಮ ಕಡೆ ಬರೇ ಕಾರಿನ ಲೈಸೆನ್ಸ್, ಅಂದ್ರ ಎಲ್‌ಎಂವಿ ಅಷ್ಟ ಇದ್ರೂ ದಾರಿ ಐತಿ. 2024ರ ನವೆಂಬರ್ 6ಕ್ಕ ಸುಪ್ರೀಂ ಕೋರ್ಟ್‌ನ ಐದು ಜಡ್ಜ್‌ಗಳ ಪೀಠ ಈ ಜಗಳಾ ಮುಗಿಸೈತಿ, ಒಟ್ಟು ತೂಕ 7,500 ಕೆಜಿ ಒಳಗಿದ್ರ ಅದು ಟ್ರಾನ್ಸ್‌ಪೋರ್ಟ್ ಗಾಡಿ ಆಗಿದ್ರೂ ಎಲ್‌ಎಂವಿ ಮ್ಯಾಲ ಹೊಡೀಬಹುದು, ಬ್ಯಾರೆ ಎಂಡಾರ್ಸ್‌ಮೆಂಟ್ ಬೇಕಿಲ್ಲ. ಒಟ್ಟು ತೂಕ ಅಂದ್ರ ಗಾಡಿ ಮತ್ತ ಲೋಡ್ ಕೂಡಿ, ಆರ್‌ಸಿ ಮ್ಯಾಲ ಬರ್ದಿರ್ತೈತಿ, ಮಾಲಕರ ಬಾಯಿ ಮಾತು ನಂಬಬ್ಯಾಡ್ರಿ, ಕಾರ್ಡ್ ಇಸ್ಕೊಂಡು ಓದ್ರಿ. ಛೋಟಾ ಹಾಥಿ, ಪಿಕಪ್ ಎಲ್ಲಾ ಇದರೊಳಗ ಬರ್ತಾವು.

ಅದಕ್ಕೂ ದೊಡ್ಡ ಗಾಡಿ ಬೇಕಂದ್ರ ವಯಸ್ಸು 20 ಆಗಿರಬೇಕು, ಎಲ್‌ಎಂವಿ ಆಗಿ ಒಂದು ವರ್ಷ ಆಗಿರಬೇಕು, ಡಾಕ್ಟರ್ ಕಡೆಯಿಂದ ಫಾರ್ಮ್ 1ಎ (ಮೆಡಿಕಲ್ ಸರ್ಟಿಫಿಕೇಟ್) ಬೇಕು. ಹುಬ್ಬಳ್ಳಿಯವ್ರಿಗೆ ಕೆಎ 63 ಆರ್‌ಟಿಒ ಆಫೀಸು, ಧಾರವಾಡದವ್ರಿಗೆ 25, ಗದಗ 26, ಹಾವೇರಿ 27. ಒಂದು ಮಾತು ಬಹಳ ಮಂದಿ ಮರೀತಾರ: ಕಾರ್ಡ್ ಮ್ಯಾಲ ಎರಡು ತಾರೀಖು ಇರ್ತಾವು, ಎನ್‌ಟಿ ಒಂದು ಟಿಆರ್ ಒಂದು. ಎನ್‌ಟಿ ಅಂದ್ರ ನಾನ್ ಟ್ರಾನ್ಸ್‌ಪೋರ್ಟ್, ಟಿಆರ್ ಅಂದ್ರ ಟ್ರಾನ್ಸ್‌ಪೋರ್ಟ್, ಈ ಟಿಆರ್ ಐದು ವರ್ಷಕ್ಕೊಮ್ಮೆ ರಿನೀವಲ್ ಆಗಬೇಕು. ನಮ್ಮ ಜೊತಿಗೆ ಇದ್ದ ಒಬ್ಬ ಹುಡುಗ ಎನ್‌ಟಿ ತಾರೀಖು ನೋಡಿ ಇನ್ನೂ ಬೇಕಾದಷ್ಟು ವರ್ಷ ಐತಿ ಅಂತ ಆರಾಮ ಇದ್ದ, ಟಿಆರ್ ಮುಗ್ದು ಐದು ತಿಂಗ್ಳಾಗಿತ್ತು, ಅಷ್ಟೂ ದಿನ ಲಾರಿ ಹೊಡ್ದಾನ. ಆ ಐದು ತಿಂಗ್ಳಾಗ ಏನರ ಆಗಿದ್ರ ಇನ್ಶೂರೆನ್ಸ್‌ನವ್ರು ಮೊದಲ ಅದ್ನ ಎತ್ತಿ ಹಿಡಿತಿದ್ರು.

ಪೆಟ್ರೋಲ್, ಗ್ಯಾಸ್ ಟ್ಯಾಂಕರ್‌ಗೆ ಬ್ಯಾರೆ ಟ್ರೇನಿಂಗ್, ಬ್ಯಾರೆ ಎಂಡಾರ್ಸ್‌ಮೆಂಟ್. ವಾರಕ್ಕೊಮ್ಮೆ ಹೊಡಿಯಾವ ಅದರ ತಂಟೆಕ್ಕ ಹೋಗೂದು ಬ್ಯಾಡ ಅಂತ ನನ್ನ ಅಭಿಪ್ರಾಯ.

ನಿಮ್ಮ ಈಗಿನ ಕೆಲ್ಸ ಬಿಡ್ತೈತೇನು?

ಸರ್ಕಾರಿ ನೌಕರಿ ಇದ್ದವ್ರು ಇಲ್ಲೇ ಓದೂದು ನಿಲ್ಲಿಸ್ರಿ. ರಾಜ್ಯ ಸರ್ಕಾರದ 2021ರ ನಡತೆ ನಿಯಮದಾಗ ಪರವಾನಗಿ ಇಲ್ಲದ ಬ್ಯಾರೆ ಖಾಸಗಿ ನೌಕರಿ ಮಾಡಂಗಿಲ್ಲ, "ರಾತ್ರಿ ಹೊಡಿತೇನಿ, ಯಾರಿಗೆ ಗೊತ್ತಾಗ್ತೈತಿ" ಅನ್ನೂದು ಒಂದು ಟೋಲ್ ಕ್ಯಾಮೆರಾ ಮುಂದ ನಿಲ್ಲೂದಿಲ್ಲ. ಪ್ರೈವೇಟ್‌ನವ್ರು ಅಪಾಯಿಂಟ್‌ಮೆಂಟ್ ಲೆಟರ್ ಟ್ರಂಕಿನಿಂದ ತಗದು ಓದ್ರಿ, ಬ್ಯಾರೆ ಕಡೆ ದುಡೀಬಾರ್ದು ಅಂತ ಒಂದು ಸಾಲು ಬಹಳಷ್ಟು ಕಂಪನಿ ಹಾಕಿರ್ತಾವು. ಫ್ಯಾಕ್ಟರಿ ಮಂದಿಗೆ ಇನ್ನೊಂದೈತಿ, ಒಂದು ಫ್ಯಾಕ್ಟರಿಯೊಳಗ ದುಡ್ದ ದಿನಾನ ಇನ್ನೊಂದು ಫ್ಯಾಕ್ಟರಿಯೊಳಗ ದುಡಿಸಬಾರ್ದು ಅನ್ನೂದು 1948ರ ಕಾಯ್ದೆಯಿಂದ ಬಂದ ನಿಯಮ. ಲಾರಿ ಹೊಡಿಯೂದು ಫ್ಯಾಕ್ಟರಿ ಕೆಲ್ಸ ಅಲ್ಲ ಖರೆ, ಆದ್ರ ಆ ನಿಯಮ ಯಾಕ ಮಾಡಿದ್ರು ಅಂತ ತಿಳ್ಕೋಬೇಕಂದ್ರ ಸೋಮವಾರ ಮುಂಜಾನೆ ಕಣ್ಣು ಕೆಂಪಗ ಮಾಡ್ಕೊಂಡು ಮಶೀನ್ ಮುಂದ ನಿಂತವನ ಮಾರಿ ನೋಡ್ರಿ ಸಾಕು.

ನಾ ನಮ್ಮ ಮಾಲಕರಿಗೆ ಮೊದಲ ಹೇಳಿಬಿಟ್ಟೆ. "ಶನಿವಾರ ರಾತ್ರಿ ಒಂದೊಂದು ಗಾಡಿಗೆ ಹೋಗ್ತೇನ್ರಿ ಸಾಹೇಬ್ರ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ರು, ಆಮ್ಯಾಲ "ಸೋಮವಾರ ತಪ್ಪಿಸಿದ್ರ ಮಾತ್ರ ಕೇಳಬ್ಯಾಡ" ಅಂದ್ರು. ಅಷ್ಟ ಆತು. ಕದ್ದು ಮಾಡೋ ಟೆನ್ಷನ್ ಹೋತು.

ಏಜೆನ್ಸಿ ಲೈನ್

ಹುಬ್ಬಳ್ಳ್ಯಾಗ ಏಜೆನ್ಸಿ ಅಂದ್ರ ಬಹಳಷ್ಟು ಕಡೆ ಸೆಕ್ಯೂರಿಟಿ ಗಾರ್ಡ್, ಹೌಸ್‌ಕೀಪಿಂಗ್ ಮಂದಿ ಕಳಿಸೋ ಮ್ಯಾನ್‌ಪವರ್ ಆಫೀಸನ. ಕೊರಿಯರ್ ಗೋಡೌನ್‌ಗೆ, ಡಿಪೋಗೆ, ಫ್ಯಾಕ್ಟರಿಗೆ ಡ್ರೈವರ್ ಕಮ್ಮಿ ಬಿದ್ರ ಅವ್ರಿಗೆ ಫೋನ್ ಹೋಗ್ತೈತಿ, ಅವ್ರು ನಮ್ಮಂಥವ್ರಿಗೆ ಫೋನ್ ಹಚ್ತಾರ. ಗಾಡಿ ಒಬ್ಬರ್ದು, ಮಾಲು ಇನ್ನೊಬ್ಬರ್ದು, ರೊಕ್ಕ ಕೊಡಾವ ಮೂರನೇದವ. ಏನರ ತಕರಾರು ಬಂದ್ರ ಮೂವರೂ ಒಬ್ಬರ ಮಾರಿ ಒಬ್ಬರು ನೋಡ್ತಾರ.

ಆದ್ರ ಟೈಮ್ ಪಕ್ಕಾ. ನಂದು ಶನಿವಾರ ರಾತ್ರಿ ಹುಬ್ಬಳ್ಳಿ ಬೆಳಗಾವಿ. ಒಂಬತ್ತೂವರಿಗೆ ಗೇಟ್ ಬಿಟ್ರ ಸುಮಾರು 100 ಕಿಲೋಮೀಟರ್, ಹನ್ನೆರಡರ ಹೊತ್ತಿಗೆ ಅಲ್ಲಿ ಡಾಕ್‌ಗೆ ಹಿಂಬದಿ ಹಚ್ಚಿ ನಿಲ್ಲಿಸ್ತೇನಿ, ಅವ್ರ ಹುಡುಗ್ರು ಇಳಿಸಿ ಮತ್ತ ತುಂಬೂದ್ರಾಗ ಎರಡೂವರಿ ಮೂರು, ಅಷ್ಟೊತ್ತು ಕ್ಯಾಬಿನ್‌ನ್ಯಾಗ ಒಂದು ಕೋಳಿನಿದ್ದಿ, ಆರಕ್ಕ ಹುಬ್ಬಳ್ಳಿ. ಆರೂವರಿಗೆ ಮನಿ, ಅವ್ವ ಇಟ್ಟ ಚಾ ಕುಡ್ದು ಮಲ್ಕೊಂಡ್ರ ಮಧ್ಯಾಹ್ನ ಎರಡು, ಮತ್ತ ರವಿವಾರ ರಾತ್ರಿ ಪೂರಾ ನಂದು. ಕೊಡೂದು ರಾತ್ರಿಗೆ 850, ಒಂಬತ್ತು ತಾಸಿಗೆ ಹಾಕಿ ನೋಡಿದ್ರ ತಾಸಿಗೆ 94 ರೂಪಾಯಿ ಚಿಲ್ಲರಿ. ಬಾಟಾ (ದಾರಿ ಖರ್ಚಿನ ಭತ್ಯೆ) ಇಲ್ಲ, ಚಾ ನಮ್ಮದ, ಆದ್ರ ಸೋಮವಾರ ನಾ ನಾನ ಆಗಿರ್ತೇನಿ.

ಕೆಟ್ಟದ್ದೂ ಕೇಳ್ರಿ. ನಾ ಮೊದಲ ಹಿಡ್ದ ಏಜೆನ್ಸಿ, ಹೆಸರು ಬ್ಯಾಡ, ಮೊದಲ ತಿಂಗ್ಳ ನಾಲ್ಕು ರಾತ್ರಿ ಒಳಗ ಎರಡರ ರೊಕ್ಕ ಅಷ್ಟ ಹಾಕಿತ್ತು. ಕೇಳಿದ್ರ ಯೂನಿಫಾರ್ಮ್ ಕಟಿಂಗ್ ಅಂತ, ಪೊಲೀಸ್ ವೆರಿಫಿಕೇಶನ್ ಖರ್ಚು ಅಂತ, ಇನ್ನೊಂದು ಏನೋ ಅಂತ. ಯೂನಿಫಾರ್ಮ್ ಬಂದದ್ದು ಒಂದ ಶರ್ಟು, ಅದೂ ನನ್ನ ಮೈಗೆ ಎರಡು ಸೈಜ್ ದೊಡ್ಡದು, ಈಗ ವರ್ಕ್‌ಶಾಪ್‌ನ್ಯಾಗ ಮಶೀನ್ ಒರ್ಸಾಕ ಇಟ್ಟೇನಿ. ಅವತ್ತಿಂದ ಹೊಸಾ ಏಜೆನ್ಸಿಗೆ ಹೋದ್ರ ಏನೇನು ಕಟ್ ಮಾಡ್ತೀರಿ ಅಂತ ಮೊದಲ ವಾಟ್ಸಾಪ್‌ನ್ಯಾಗ ಬರಿಸ್ಕೋತೇನಿ. ಬಾಯಿಲೆ ಹೇಳಿದ್ದು ಪಗಾರದ ದಿನ ಯಾರಿಗೂ ನೆನಪಿರೂದಿಲ್ಲ.

ಪಿಎಫ್ ಹಿಡಿಯೋ ಏಜೆನ್ಸಿ ಆದ್ರ ನಿಮ್ಮ ಹಳೇ ಯುಎಎನ್ (ಪಿಎಫ್‌ನ ಖಾಯಂ) ನಂಬರ್ ಕೊಡ್ರಿ, ಹೊಸಾದು ಮಾಡ್ಸಬ್ಯಾಡ್ರಿ, ಒಬ್ಬ ಮನಷ್ಯಾಗ ಒಂದ ಯುಎಎನ್. ಅಂದ್ರ ಅರ್ಥ ಏನು, ಎರಡೂ ಕಡೆ ಒಂದ ತಿಂಗ್ಳ ಪಿಎಫ್ ಬಿದ್ದದ್ದು ಪಾಸ್‌ಬುಕ್‌ನ್ಯಾಗ ಉಳೀತೈತಿ, ಕದ್ದು ಮಾಡಾಕ ಹೊಂಟವ್ರಿಗೆ ಇದೂ ಒಂದು ಸಾಕ್ಷಿ. ನಾ ಮೊದಲ ಮಾಲಕರಿಗೆ ಹೇಳಿದ್ದು ಎಷ್ಟು ಚಲೋ ಆತು ಅಂತ ಅವತ್ತ ಅನಿಸ್ತು.

ಮತ್ತ ಗಾಡಿ ಹತ್ತೂಕಿಂತ ಮೊದಲ ಮೊಬೈಲ್ ತಗದು ಸುತ್ತ ಒಂದು ವಿಡಿಯೋ. ಬಂಪರ್, ಎರಡೂ ಕನ್ನಡಿ, ಹಿಂದಿನ ಡಾಲಾ, ಟಾಯರು, ಸ್ಟೆಪ್ನಿ ಐತೋ ಇಲ್ಲೋ. ಏಜೆನ್ಸಿ ಗಾಡಿ ವಾರಕ್ಕ ಏಳು ಮಂದಿ ಹೊಡ್ದಿರ್ತಾರ, ಯಾರೋ ಮಂಗಳವಾರ ತಿಕ್ಕಿಸಿದ್ದು ಶನಿವಾರದವನ ತಲಿಗೆ ಬರ್ತೈತಿ. ನನಗ ಎರಡು ಸಲ ಆ ವಿಡಿಯೋ ಉಳಿಸೈತಿ.

ಬದ್ಲಿ ಡ್ರೈವರ್

ಇದು ಎಲ್ಲಾರಿಗೂ ಆಸೆ ಹಚ್ಚೋ ಲೈನ್. ಅಮರಗೋಳ ಎಪಿಎಂಸಿ ಒಳಗ, ಗಬ್ಬೂರ ಕ್ರಾಸ್ ಕಡೆ ನಿಮ್ಮ ನಂಬರ್ ನಾಲ್ಕು ಮಂದಿ ಕಡೆ ಇದ್ರ ಸಾಕು, ಶುಕ್ರವಾರ ಸಂಜಿಮುಂದ ಫೋನ್ ಬರ್ತೈತಿ. "ತಮ್ಮಾ, ನಮ್ಮ ಡ್ರೈವರ್ ಊರಿಗೆ ಹೋಗ್ಯಾನ, ಬೆಂಗ್ಳೂರಿಗೆ ಒಂದು ಟ್ರಿಪ್ ಹೋಗಿ ಬಾ, ರವಿವಾರ ರಾತ್ರಿ ಮನ್ಯಾಗ ಇರ್ತಿ." ರವಿವಾರ ರಾತ್ರಿ ಮನ್ಯಾಗ ಇರ್ತಿ ಅನ್ನೂದನ್ನ ನಾ ಎಷ್ಟು ಸಲ ಕೇಳೇನಿ, ಎಷ್ಟು ಸಲ ಇದ್ದೇನಿ ಅಂತ ನೀವ ಊಹಾ ಮಾಡ್ರಿ.

ಒಂದು ಟ್ರಿಪ್ ಲೆಕ್ಕ ಬಿಡಿಸಿ ಹೇಳ್ತೇನಿ. ಒಪ್ಪಿದ್ದು 2,400, ಊಟ ನಂದ, ಟೋಲ್ ಮತ್ತ ಡೀಸೆಲ್ ಮಾಲಕರ್ದು. ಶನಿವಾರ ಸಂಜಿ ಐದಕ್ಕ ಗಾಡಿ ಬಿಡೂದು ಅಂತ ಹೇಳಿದ್ರು, ಹಮಾಲ್ರು ಬರೂದ ತಡಾ ಆಗಿ ಲೋಡ್ ಮುಗ್ದು ತಾಡಪತ್ರಿ ಬಿಗ್ದು ಕಾಟಾ (ಗಾಡಿ ತೂಕ) ಮಾಡ್ಸಿ ಬಿಲ್ಟಿ (ಮಾಲಿನ ಚೀಟಿ) ಕೈಗೆ ಬಂದಾಗ ರಾತ್ರಿ ಹತ್ತು. 410 ಕಿಲೋಮೀಟರ್, ತುಂಬಿದ ಗಾಡಿ, ಹಾವೇರಿ ದಾವಣಗೆರೆ ಚಿತ್ರದುರ್ಗ ದಾಟಿ ಹೋಗಿ ಮುಟ್ಟಿದಾಗ ಬೆಳಕು ಹರ್ದು ತಾಸಿನ ಮ್ಯಾಲ ಆಗಿತ್ತು. ಗೋಡೌನ್‌ನ್ಯಾಗ ರವಿವಾರ ಮಂದಿ ಇಲ್ಲ. ಕಾದೆ. ಮಧ್ಯಾಹ್ನ ನಾಲ್ಕಕ್ಕ ಇಬ್ಬರು ಬಂದ್ರು, ಇಳಿಸೂದ್ರಾಗ ಏಳಾತು. ಅಷ್ಟರಾಗ ಮಾಲಕರ ಫೋನು, "ತುಮಕೂರಾಗ ರಿಟರ್ನ್ ಲೋಡ್ ಐತಿ, ಖಾಲಿ ಬರಬ್ಯಾಡ." ನಾ ಒಲ್ಲೆ ಅಂದೆ, ಅವ್ರಿಗೆ ಸಿಟ್ಟು ಬಂತು. ಖಾಲಿ ಗಾಡಿ ಓಡ್ಸಿ ಹುಬ್ಬಳ್ಳಿಗೆ ಬಂದಾಗ ಸೋಮವಾರ ನಸುಕು ಐದು. ಐದರಿಂದ ಐದು, 36 ತಾಸು. ಊಟ ಚಾ ಎಲ್ಲಾ 400 ತಗದ್ರ 2,000 ಉಳೀತು, ತಾಸಿಗೆ 55 ರೂಪಾಯಿ. ಫೋನ್‌ನ್ಯಾಗ ಕೇಳಿದಾಗ 2,400 ಎಷ್ಟು ದೊಡ್ಡದು ಅನಿಸಿತ್ತು!

ಅವತ್ತ ಎರಡೂವರಿ ತಾಸು ಮಲ್ಕೊಂಡು ಎಂಟೂವರಿಗೆ ಹಾಜರಿ ಹಾಕಿದೆ. ಒಂದು ಶಾಫ್ಟ್ ಫೇಸಿಂಗ್ ಮಾಡೂದಿತ್ತು. ಜಾಬ್ ಚಕ್‌ನ್ಯಾಗ (ಜಾಬ್ ಹಿಡ್ದು ತಿರುಗೋ ಭಾಗ) ಹಿಡ್ಸಿದೆ, ಚಕ್ ಕೀಲೆ ಬಿಗ್ದೆ, ಮಶೀನ್ ಚಾಲೂ ಮಾಡಿದೆ. ಕೀ ಚಕ್‌ನ್ಯಾಗ ಹಂಗ ಇತ್ತು. ಲೇಥ್ ಹೊಡಿಯೋ ಮಂದಿಗೆ ಇದು ಹೇಳೂದ ಬ್ಯಾಡ, ಮೊದಲ ದಿನಾನ ಮೇಸ್ತ್ರಿ ಕಿವಿ ಹಿಂಡಿ ಕಲಿಸೋ ಪಾಠ, ಕೀ ಮ್ಯಾಲಿನ ಕೈ ತಗೀಬೇಕಂದ್ರ ಕೀನೂ ತಗೀಬೇಕು. ಆ ಕಬ್ಬಿಣದ ತುಂಡು ನನ್ನ ಎಡಗಿವಿ ಬಾಜೂಕ್ಕ ಹಾಯ್ದು ಹಿಂದಿನ ಪತ್ರಾಸ್‌ಗೆ ಬಡೀತು, ಪತ್ರಾಸ್ ಒಳಗ ಮುಷ್ಟಿಯಷ್ಟು ತೆಗ್ಗು ಬಿತ್ತು. ಹದಿನಾಲ್ಕು ವರ್ಷದಾಗ ನಾ ಅದೊಂದು ತಪ್ಪು ಮಾಡಿದ್ದಿಲ್ಲ. ಯಾರೂ ಏನೂ ಅನ್ನಲಿಲ್ಲ, ಮೇಸ್ತ್ರಿ ಬಂದು ಸ್ವಿಚ್ ಬಂದ್ ಮಾಡಿ "ಹೋಗು, ಮನಿಗೆ ಹೋಗಿ ಮಲ್ಕೊ" ಅಂದ್ರು. ಆ ತೆಗ್ಗು ಇನ್ನೂ ಐತಿ.

ಅದಕ್ಕ ನಾ "ಎಷ್ಟೊತ್ತಿಗೆ ಬಿಡ್ತಾರ" ಅಂತ ಮೊದಲ ಕೇಳೂದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹಾಕಿದ ಲೆಕ್ಕ ದಿನಕ್ಕ 8 ತಾಸು, ವಾರಕ್ಕ 48, ಒಂದ ಸಮನ ಐದು ತಾಸು ಹೊಡ್ದ್ರ ಅರ್ಧ ತಾಸರ ವಿಶ್ರಾಂತಿ. ನೀವು ಆರು ದಿನ ಎಂಟೆಂಟು ತಾಸು ಬ್ಯಾರೆ ಕಡೆ ದುಡ್ದು ಬಂದ್ರ 48 ಅಲ್ಲೇ ಮುಗ್ದಿರ್ತೈತಿ, ಗಾಡಿ ಹತ್ತೂಕಿಂತ ಮೊದಲ. ಏಜೆನ್ಸಿಯವ ನಿಮ್ಮ ಬ್ಯಾರೆ ಡ್ಯೂಟಿ ಎಣಸೂದಿಲ್ಲ, ಮಾಲಕ ಎಣಸೂದಿಲ್ಲ, ಎಣಸಾವ ನೀವ ಒಬ್ಬರ. ದಾರಿನೂ ಹಂಗ ಐತಿ. ನಮ್ಮ ಹುಬ್ಬಳ್ಳಿ ಧಾರವಾಡ ಬೈಪಾಸ್ ತಗೊಳ್ರಿ, 2021ರ ಜನವರಿಯಾಗ ಇಟ್ಟಿಗಟ್ಟಿ ಹತ್ರ ದಾವಣಗೆರಿ ಹೆಣ್ಮಕ್ಕಳಿದ್ದ ಟೆಂಪೋಕ್ಕೂ ಟಿಪ್ಪರ್‌ಗೂ ಡಿಕ್ಕಿ ಆಗಿದ್ದು ಯಾರೂ ಮರ್ತಿಲ್ಲ. ನಸುಕಿನ ನಾಲ್ಕರ ಹೊತ್ನ್ಯಾಗ ಎದುರಿನ ಲೈಟು ಎರಡು ಇದ್ದದ್ದು ಒಂದು ಕಾಣಾಕ ಹತ್ತಿದ್ರ ಗಾಡಿ ಬಾಜೂಕ್ಕ ಹಾಕ್ರಿ, ಮಾಲಕರ ಫೋನ್ ಬಂದ್ರ ಬರ್ಲಿ.

ಬದ್ಲಿ ಪೂರಾ ಕೆಟ್ಟದ್ದು ಅಂತಲ್ಲ. ಗದಗ, ಹಾವೇರಿ, ಬೆಳಗಾವಿಯಂಥಾ ಸನೇದ ಟ್ರಿಪ್, ರವಿವಾರ ಮುಂಜಾನೆ ಹೋಗಿ ಸಂಜಿಗೆ ಬರೂದಾದ್ರ ನಾ ಈಗ್ಲೂ ಹೋಗ್ತೇನಿ, ರೊಕ್ಕ ಅಲ್ಲೇ ಕೈಗೆ, ಯೂನಿಫಾರ್ಮ್ ಕಟಿಂಗ್ ಇಲ್ಲ. ಎರಡು ರಾತ್ರಿ ಹಿಡಿಯೋ ಲೈನ್ ಮಾತ್ರ ಒಲ್ಲೆ. ಮತ್ತ ಒಲ್ಲೆ ಅನ್ನೋ ಇನ್ನೊಂದು: ಓವರ್‌ಲೋಡ್. ಹತ್ತು ಚಕ್ರದ ಗಾಡಿಗೆ 2018ರಾಗ ಒಟ್ಟು ತೂಕ 25 ಟನ್‌ನಿಂದ 28.5 ಟನ್‌ಗೆ ಏರ್ಸಿದ್ರು, ಏರ್ಸಿದ್ದು ಸಾಲೂದಿಲ್ಲ ಅಂತ ಅದರ ಮ್ಯಾಲ ಮತ್ತ ಹೇರಾವ್ರು ಅದಾರ. 2019ರ ತಿದ್ದುಪಡಿ ಪ್ರಕಾರ ದಂಡ 20,000, ಮ್ಯಾಲ ಹೆಚ್ಚಿನ ಒಂದೊಂದು ಟನ್‌ಗೆ 2,000, ಮತ್ತ ಕಾಯ್ದೆ ಹಿಡಿಯೂದು ಮಾಲಕನ್ನ ಅಷ್ಟ ಅಲ್ಲ, ಗಾಡಿ ಹೊಡಿಯಾವನ್ನೂ. ಕಾಟಾ ಚೀಟಿ ನೋಡದ ಸ್ಟೇರಿಂಗ್ ಹಿಡೀಬ್ಯಾಡ್ರಿ.

ಸುಗ್ಗಿ ಲೈನ್

ಜನವರಿಯಿಂದ ಏಪ್ರಿಲ್ ತನಕ ಬ್ಯಾಡಗಿ ಕಡೆ ಡ್ರೈವರ್ ಸಿಗೂದು ಕಷ್ಟ. ಸೋಮವಾರ, ಗುರುವಾರ ಮಾರ್ಕೆಟ್, ಹಿಂದಿನ ರಾತ್ರಿನ ಗಾಡಿ ಹೋಗಿ ನಿಲ್ಲಬೇಕು. ಕುಂದಗೋಳ ಕಡೆಯಿಂದ ನಾ ಒಂದು ಹಂಗಾಮು ಹೊಡ್ದೆ. ಮೆಣಸಿನಕಾಯಿ ಲೋಡ್ ಅಂದ್ರ ತೂಕ ಕಮ್ಮಿ, ಎತ್ರ ಭಾಳ. ಚೀಲ ಒಂದರ ಮ್ಯಾಲ ಒಂದು ಏರ್ಸಿ ಕ್ಯಾಬಿನ್‌ಗಿಂತ ಒಂದಾಳು ಮ್ಯಾಲ ಹೋಗಿರ್ತೈತಿ, ಹಗ್ಗಾ ಬಿಗ್ದು ಬಿಗ್ದು ಅಂಗೈ ಸುಲ್ದಿರ್ತೈತಿ, ತಿರುವಿನ್ಯಾಗ ಗಾಡಿ ತೂಗೂದು ಸೀಟಿನ ಕೆಳಗ ಗೊತ್ತಾಗ್ತೈತಿ. ಘಾಟಂತೂ ಕೇಳಬ್ಯಾಡ್ರಿ. ಕಾಯಿ ಖಾರ ಕಮ್ಮಿ ಬಣ್ಣ ಹೆಚ್ಚು ಅಂತ ಹೆಸರಾಗಿ 2011ರಾಗ ಜಿಐ ಟ್ಯಾಗ್ ತಗೊಂಡದ್ದು ಖರೆ, ಆದ್ರ ಪಾಳಿಯೊಳಗ ಹಿಂದ ಮುಂದ ಬರೇ ಮೆಣಸಿನಕಾಯಿ ಗಾಡಿ ನಿಂತಾಗ ಆ ಧೂಳಿನ್ಯಾಗ ಮಲ್ಕೊಳ್ರಿ ನೋಡೂಣು. ಕಿಡಕಿ ಹಾಕಿದ್ರ ಸೆಕಿ, ತಗದ್ರ ಸೀನು. ಒದ್ದಿ ಟವೆಲ್ ಮಾರಿ ಮ್ಯಾಲ ಹಾಕ್ಕೊಂಡು ಮಲ್ಗೂದು ನನಗ ಅಲ್ಲಿ ಒಬ್ಬ ಹಳೇ ಡ್ರೈವರ್ ಕಾಕಾ ಕಲಿಸಿದ್ರು.

ಟ್ರಿಪ್‌ಗೆ 1,200 ಸಿಗ್ತಿತ್ತು, ಮ್ಯಾಲ ರೈತ ಖುಷಿಯಾಗಿದ್ರ ಊಟ. ರೇಟ್ ಬಿದ್ದ ದಿನ ಯಾರೂ ಖುಷಿಯಾಗಿರೂದಿಲ್ಲ, 2024ರ ಮಾರ್ಚ್ 11ಕ್ಕ ರೇಟ್ ಬಿದ್ದದ್ದಕ್ಕ ಸಿಟ್ಟಿಗೆದ್ದು ಎಪಿಎಂಸಿ ಆಫೀಸಿಗೆ, ಗಾಡಿಗಳಿಗೆ ಬೆಂಕಿ ಬಿದ್ದಿತ್ತು, ಅಂಥಾ ದಿನ ಗಾಡಿ ಬಿಟ್ಟು ದೂರ ನಿಂತ್ರ ಚಲೋ. ಆದ್ರ ನನ್ನ ತೊಂದ್ರಿ ಬ್ಯಾರೆ ಇತ್ತು, ಸೋಮವಾರದ ಮಾರ್ಕೆಟ್ ಅಂದ್ರ ರವಿವಾರ ರಾತ್ರಿ, ಗುರುವಾರದ್ದು ಅಂದ್ರ ಬುಧವಾರ ರಾತ್ರಿ. ಎರಡೂ ನನ್ನ ಡ್ಯೂಟಿ ಕುತ್ತಿಗಿ ಮ್ಯಾಲ ಬಂದು ಕುಂಡ್ರತಾವು. ನಾಲ್ಕು ವಾರದಾಗ ಮೂರು ರಜಾ ಬಿತ್ತು, ಒಂದು ದಿನದ ಪಗಾರ ಕಟ್ ಆಗಿ ಒಂದು ಟ್ರಿಪ್ ರೊಕ್ಕ ಬಂದ್ರ ಉಳಿದದ್ದು ಏನು, ಘಾಟು. ಅದಕ್ಕ ಈ ಲೈನ್ ಹಾಜರಿ ಪುಸ್ತಕ ಇದ್ದವ್ರಿಗೆ ಅಲ್ಲ. ಹೊಲಾ ಇದ್ದವ್ರಿಗೆ, ಸ್ವಂತ ಅಂಗಡಿ ಇದ್ದು ತಮ್ಮನೋ ಹೆಂಡ್ತಿನೋ ಗಲ್ಲೆ ಮ್ಯಾಲ ಕುಂಡ್ರೋ ಮಂದಿಗೆ, ವೆಲ್ಡಿಂಗ್ ಪ್ಲಂಬಿಂಗ್ ಹಂಗ ಕರ್ದಾಗ ಹೋಗೋ ಕೆಲ್ಸದವ್ರಿಗೆ ಚಲೋ. ಗದಗ ಕಡೆ ಉಳ್ಳಾಗಡ್ಡಿ ಹಂಗಾಮಿನ್ಯಾಗ ಯಶವಂತಪುರಕ್ಕ ಹೋಗೂದೂ ಇದ ಪಂಗಡ, ಇನ್ನೂ ಅವಸರದ್ದು, ಮಾಲು ಕೊಳಿತೈತಿ ಅಂತ ಹಿಂದಿನಿಂದ ಒತ್ತಾಯ ಇರ್ತೈತಿ. ಸಂಗೂರ ಫ್ಯಾಕ್ಟರಿ ಕಬ್ಬಿನ ಪಾಳಿ ಬಗ್ಗೆ ನಾ ಏನೂ ಹೇಳೂದಿಲ್ಲ, ಒಂದು ಸಲ ಹೋಗಿದ್ದೆ, ಸಾಕಾತು.

ಸುಗ್ಗಿ, ಸಂತಿ ಗಾಡಿಯೊಳಗ ಒಂದು ಕೆಟ್ಟ ರೂಢಿ ಐತಿ, ಲೋಡ್ ಮ್ಯಾಲ ಮಂದಿ ಹತ್ತೂದು. "ಒಬ್ಬರ ಇಬ್ಬರ ಬರ್ತೇವ್ರಿ, ಅಲ್ಲೇ ಇಳಿತೇವಿ" ಅಂತಾರ, ನಮ್ಮ ಊರವ್ರ ಇರ್ತಾರ, ಇಲ್ಲ ಅನ್ನಾಕ ಬಾಯಿ ಬರೂದಿಲ್ಲ. 2025ರ ಜನವರಿ 22ರ ನಸುಕಿನ್ಯಾಗ ಸವಣೂರಿಂದ ಕುಮಟಾ ಸಂತಿಗೆ ಹೊಂಟಿದ್ದ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರ ಹತ್ರ ಕಂದಕಕ್ಕ ಬಿದ್ದು 10 ಮಂದಿ ವ್ಯಾಪಾರಸ್ಥರು ಹೋದ್ರು. ಎಲ್ಲಾರೂ ದುಡ್ಯಾಕ ಹೊಂಟವ್ರು. ಸಾಮಾನಿನ ಗಾಡಿಯೊಳಗ ಮಂದಿ ಹತ್ತಿಸಿದ್ರ ಇನ್ಶೂರೆನ್ಸ್ ಕಂಪನಿ ಕೈ ಎತ್ತಾಕ ಅದ ಒಂದು ದಾರಿ ಸಾಕು. ಬಾಯಿ ಬರಲಿಲ್ಲಂದ್ರೂ ಇಲ್ಲ ಅನ್ರಿ.

ಛೋಟಾ ಹಾಥಿ, ಪಿಕಪ್

ಎಲ್‌ಎಂವಿ ಅಷ್ಟ ಇದ್ದವ್ರಿಗೆ ಇದ ಬಾಗ್ಲ. ರವಿವಾರ ಮನಿ ಸಾಮಾನು ಶಿಫ್ಟಿಂಗ್, ಲಗ್ನದ ಹಂಗಾಮಿನ್ಯಾಗ ಖುರ್ಚಿ ಭಾಂಡೆ, ಊರೊಳಗ ಸಿಮೆಂಟು ಸ್ಟೀಲು. ರಾತ್ರಿ ಮನ್ಯಾಗ ಮಲ್ಗೂದು ಗ್ಯಾರಂಟಿ, ನಿದ್ದಿ ಲೆಕ್ಕದಾಗ ಇದಕ್ಕ ಫಸ್ಟ್ ನಂಬರ್. ರೊಕ್ಕ ಕಮ್ಮಿ, ನನಗ ದಿನಕ್ಕ 600 ಕೊಟ್ಟಾರ. ಮತ್ತ ಡ್ರೈವರ್ ಅಂತ ಕರ್ದು ಹಮಾಲಿನೂ ಮಾಡಸ್ತಾರ, ಮೂರನೇ ಮಾಳಿಗಿಗೆ ಗೋದ್ರೆಜ್ ಕಪಾಟು ಹೊತ್ತು ಏರ್ಸಿದ ರವಿವಾರ ಆದಮ್ಯಾಲ ನಾ ಅದನ್ನ ಬಿಟ್ಟೆ. ನಡ ಗಟ್ಟಿ ಇದ್ದ ಹುಡುಗ್ರು ಮಾಡ್ರಿ.

ಕಾಗದ ಪತ್ರ, ಅಪ್ಪಿ ತಪ್ಪಿನೂ ಬಿಡಬಾರ್ದಾದ್ದು

ಯಾವ ಲೈನ್ ಹಿಡಿದ್ರೂ ಇದು ಒಂದ. ಗಾಡಿ ನಂಬರ್ ಬಂದ ಕೂಡ್ಲೆ ಎಂಪರಿವಾಹನ್ ಆ್ಯಪ್‌ನ್ಯಾಗ ಹಾಕ್ರಿ, ಎಫ್‌ಸಿ (ಫಿಟ್‌ನೆಸ್), ಇನ್ಶೂರೆನ್ಸ್, ಪರ್ಮಿಟ್ ತಾರೀಖು ಅಲ್ಲೇ ಕಾಣ್ತಾವು, ಐದು ನಿಮಿಷದ ಕೆಲ್ಸ. ಮಾಲಿನ ಕಿಮ್ಮತ್ತು 50,000 ದಾಟಿ ಇ-ವೇ ಬಿಲ್ (ಮಾಲು ಸಾಗಿಸೋ ಜಿಎಸ್‌ಟಿ ಚೀಟಿ) ಇದ್ರ ಅದರ ಅವಧಿ ನೋಡ್ರಿ, 200 ಕಿಲೋಮೀಟರ್‌ಗೆ ಒಂದು ದಿನ ಅನ್ನೋ ಲೆಕ್ಕ, ಬೆಂಗ್ಳೂರಿನ್ಯಾಗ ಹಮಾಲ್ರನ್ನ ಕಾಯ್ಕೋತ ಕುಂತಾಗ ಅದೂ ಓಡ್ತಿರ್ತೈತಿ. ಬಿಲ್ ಮ್ಯಾಲಿನ ಗಾಡಿ ನಂಬರ್ ನೀವು ಹತ್ತಿದ ಗಾಡಿದ ಹೌದೋ ಅಲ್ಲೋ ಅದನ್ನೂ ನೋಡ್ರಿ, ಅವಸರದಾಗ ಗಾಡಿ ಬದಲಾಗಿ ಬಿಲ್ ಹಳೇದ ಉಳ್ದಿರ್ತೈತಿ.

ಇನ್ಶೂರೆನ್ಸ್ ಪಾಲಿಸಿ ಮ್ಯಾಲ 15 ಲಕ್ಷ ಅಂತ ಕಂಡು ಖುಷಿ ಆಗಬ್ಯಾಡ್ರಿ. ಅದು ಓನರ್ ಡ್ರೈವರ್‌ದು, ಅಂದ್ರ ಮಾಲಕ ತಾನ ಹೊಡಿಯೂ ಮುಂದ ಏನರ ಆದ್ರ. ಪಗಾರದ ಮ್ಯಾಲ ಹೊಡಿಯೋ ನಿಮಗ ಬೇಕಾದ್ದು ಪೇಡ್ ಡ್ರೈವರ್ ಲೀಗಲ್ ಲಯಬಿಲಿಟಿ ಅನ್ನೋ ಸಾಲು. ಡ್ರೈವರ್‌ಗೆ ಕೆಲ್ಸದ ಮ್ಯಾಲ ಪೆಟ್ಟಾದ್ರ ಪರಿಹಾರ ಅನ್ನೂದು 1923ರ ಕಾಯ್ದೆಯಿಂದ ಬಂದ ಹಕ್ಕು, ಆದ್ರ ನೀವು ಅವತ್ತ ಅವ್ರ ಡ್ರೈವರ್ ಇದ್ರಿ ಅಂತ ತೋರ್ಸಾಕ ನಿಮ್ಮ ಕಡೆ ಒಂದು ಚೀಟಿನೂ ಇಲ್ಲಂದ್ರ ಹೆಂಗ? ಏಜೆನ್ಸಿ ಆದ್ರ ಡ್ಯೂಟಿ ಸ್ಲಿಪ್, ಬದ್ಲಿ ಆದ್ರ ಕಡೀಕ್ಕ ಒಂದು ವಾಟ್ಸಾಪ್ ಮೆಸೇಜು, "ಇಂಥಾ ನಂಬರ್ ಗಾಡಿ, ಇಂಥಾ ತಾರೀಖು, ಇಷ್ಟಕ್ಕ ಹೊಂಟೇನ್ರಿ ಸಾಹೇಬ್ರ" ಅಂತ, ಅವ್ರು ಓಕೆ ಅಂದ ಮ್ಯಾಲ ಕೀಲಿ. ಯಾಕಂದ್ರ ಎದುರಿನವ್ರಿಗೆ ಏನರ ಹೆಚ್ಚು ಕಮ್ಮಿ ಆಗಿ ಜೀವ ಹೋತಂದ್ರ 2024ರ ಜುಲೈ 1ರಿಂದ ಬಂದ ಹೊಸಾ ಕಾಯ್ದೆಯೊಳಗ ನಿರ್ಲಕ್ಷ್ಯಕ್ಕ ಐದು ವರ್ಷದ ತನಕ ಶಿಕ್ಷಾ ಐತಿ, ಮೊದಲ ಎರಡು ವರ್ಷ ಇತ್ತು. ಎಫ್‌ಐಆರ್ ಒಳಗ ಬರೂದು ಸ್ಟೇರಿಂಗ್ ಹಿಡ್ದವನ ಹೆಸರು, ಏಜೆನ್ಸಿದಲ್ಲ.

ಹಂಗಾದ್ರ ಯಾರು ಯಾವುದು ಹಿಡೀಬೇಕು ಅಂದ್ರ, ನನ್ನಂಗ ರವಿವಾರ ಒಂದ ಸೂಟಿ ಇದ್ದವ್ರು ಶನಿವಾರ ರಾತ್ರಿಯ ಏಜೆನ್ಸಿ ಲೈನ್, ಅದೂ ನಸುಕಿಗೆ ವಾಪಸ್ ಬರೋ 100 ಕಿಲೋಮೀಟರ್ ಒಳಗಿಂದು. ಶಿಫ್ಟ್ ಡ್ಯೂಟಿ ಇದ್ದು ವಾರಾ ವಾರಾ ಬದಲಾಗವ್ರಿಗೆ ಏಜೆನ್ಸಿ ಹೊಂದೂದಿಲ್ಲ, ಏಜೆನ್ಸಿಯವ್ರಿಗೆ ಒಪ್ಪಿದ ಶನಿವಾರ ಮನಷ್ಯಾ ಬೇಕ ಬೇಕು, ಒಮ್ಮೆ ತಪ್ಪಿಸಿದ್ರ ಮುಂದಿನ ಸಲ ಫೋನ್ ಬರೂದಿಲ್ಲ, ನೀವು ಸನೇದ ಬದ್ಲಿ ನೋಡ್ಕೊಳ್ರಿ. ಮಶೀನ್ ಮ್ಯಾಲ, ಎತ್ತರದ ಮ್ಯಾಲ, ಕರೆಂಟಿನ ಮ್ಯಾಲ ಕೆಲ್ಸ ಮಾಡವ್ರು ಮರುದಿನ ಡ್ಯೂಟಿ ಇದ್ದ ರಾತ್ರಿ ಯಾವ ಗಾಡಿನೂ ಹತ್ತಬ್ಯಾಡ್ರಿ, 5,000 ಕೊಡ್ತೇನಿ ಅಂದ್ರೂ. ಗಾಡಿ ಹೊಸಾದೋ ಹಳೇದೋ ಅದನ್ನೂ ಕೇಳ್ರಿ, 2025ರಾಗ ಹೊಸಾದಾಗಿ ತಯಾರಾಗೋ ಲಾರಿಗೆ ಕ್ಯಾಬಿನ್ ಎಸಿ ಕಡ್ಡಾಯ ಮಾಡ್ಯಾರ, ಏಪ್ರಿಲ್ ಮೇ ಬಿಸಿಲಾಗ ಕಾಯೋ ಲೈನ್ ಆದ್ರ ಅದು ದೊಡ್ಡ ಮಾತು, ನನಗ ಸಿಕ್ಕಿದ್ದು ಇನ್ನೂ ಎಲ್ಲಾ ಹಳೇವ.

ನಂದು ಈಗ ತಿಂಗ್ಳಿಗೆ ಮೂರು ಶನಿವಾರ ಬೆಳಗಾವಿ, ನಾಲ್ಕನೇದ್ದು ಮಗಳಿಗೆ ಅಂತ ಬಿಟ್ಟೇನಿ, ಐದನೇದ್ದು ಬಂದ ತಿಂಗ್ಳು ಮನ್ಯಾಗ ವಾದ ನಡೀತೈತಿ. ಬೆಂಗ್ಳೂರು ಟ್ರಿಪ್ ಕೊಡ್ತಿದ್ದ ಮಾಲಕ್ರು ಮೊನ್ನೆ ಮತ್ತ ಫೋನ್ ಹಚ್ಚಿದ್ರು, "ಈ ಸಲ 3,000, ರವಿವಾರ ರಾತ್ರಿ ಮನ್ಯಾಗ ಇರ್ತಿ ತಮ್ಮಾ" ಅಂದ್ರು. "ಗೋಡೌನ್‌ನ್ಯಾಗ ರವಿವಾರ ಹಮಾಲ್ರು ಇರ್ತಾರೇನ್ರಿ?" ಅಂದೆ. "ಅದು ಅಲ್ಲಿಗೆ ಹೋದಮ್ಯಾಲ ನೋಡೂಣು" ಅಂದ್ರು. ಇಟ್ಟೆ ಫೋನ್.